ಹಾಸ್ಟೆಲ್‌ನಲ್ಲಿ ಕಜ್ಜಿ ನಿಂತಿದ್ದು ಹೀಗೆ

ನಮ್ಮ ಹಾಸ್ಟೆಲ್‌ನಲ್ಲಿ ಹೊಸ ಕಜ್ಜಿ ಕೇಸ್ ಕಾಣದೆ 7 ತಿಂಗಳಾಯಿತು. 60 ಚಿಲ್ಲರೆ ಮಕ್ಕಳಿದ್ದಾರೆ. ಅದರಲ್ಲಿ 9 ಮಕ್ಕಳಿಗೆ ರೋಗ ತಡೆಯುವ ಶಕ್ತಿ ಕಡಿಮೆ. ಕೆಲವರು ಕಿಡ್ನಿ ತೊಂದರೆಗೆ ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ ತಗೊಳ್ಳುವವರು, ಕೆಲವರು ಎಚ್‌ಐವಿ ಮಾತ್ರೆಯಲ್ಲಿ ಇರುವವರು, ಒಬ್ಬಳಿಗೆ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ನಡೆಯುತ್ತಿದೆ. 'ಹಾಸ್ಟೆಲ್ ಅಂದ್ಮೇಲೆ ಕಜ್ಜಿ ಇದ್ದೇ ಇರುತ್ತೆ, ಬಿಡಿ ಸಿಸ್ಟರ್' ಅಂತ ಹೇಳದವರೇ ಇರಲಿಲ್ಲ. ನಾನು ಬಿಡಲಿಲ್ಲ.

ಮೊದಲು ಸೋತ ಕಥೆ. ಸುಮಾರು 4 ತಿಂಗಳು ನಾನೂ ಎಲ್ಲರ ಹಾಗೇ ಮಾಡಿದೆ. ಯಾರು ತುರಿಸಿಕೊಂಡು ಬಂದರೋ ಅವರ ಕೈಗೆ ಪರ್ಮೆಥ್ರಿನ್ ಟ್ಯೂಬ್, ಅಂದರೆ ಕಜ್ಜಿ ಹುಳು ಕೊಲ್ಲುವ ಕ್ರೀಮ್. ಆ ಮಗುವಿಗೆ ವಾಸಿಯಾಗುತ್ತಿತ್ತು, ಅಷ್ಟರಲ್ಲಿ ಪಕ್ಕದ ಹಾಸಿಗೆಯವನು ಶುರು ಮಾಡುತ್ತಿದ್ದ. ತಿಂಗಳೊಳಗೆ ಮೊದಲಿನವನೇ ವಾಪಸ್. ಮೊದಲ ಸಲ ಕಜ್ಜಿ ಹುಳು ಹತ್ತಿದ ಮಗುವಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟೂ ದಿನ ಅದು ಸದ್ದಿಲ್ಲದೆ ಹರಡುತ್ತಲೇ ಇರುತ್ತದೆ. ನಾನು ಬೆಂಕಿ ಬಿಟ್ಟು ಹೊಗೆಯ ಹಿಂದೆ ಓಡುತ್ತಿದ್ದೆ.

ದುಡ್ಡಿನ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ವರ್ಷದ ಔಷಧಿಗೆ ಇಟ್ಟಿದ್ದರಲ್ಲಿ ಮುಕ್ಕಾಲು ಭಾಗ ಆ 4 ತಿಂಗಳಲ್ಲೇ ಖಾಲಿ. ಉಳಿಸೋಣ ಅಂತ 30 ಗ್ರಾಂ ಟ್ಯೂಬನ್ನು ಮೂರು ಮಕ್ಕಳಿಗೆ ಹಂಚಿದ್ದೆ. ಅದು ದೊಡ್ಡ ತಪ್ಪು. ಹೈಸ್ಕೂಲ್ ಹುಡುಗನಿಗೆ ಒಂದು ಸಲಕ್ಕೇ ಹೆಚ್ಚುಕಡಿಮೆ ಇಡೀ ಟ್ಯೂಬ್ ಬೇಕು. ತೆಳ್ಳಗೆ ಸವರಿದರೆ ದುಡ್ಡೂ ಹೋಯಿತು, ಹುಳುವೂ ಉಳಿಯಿತು. ಇನ್ನೊಂದು ನಷ್ಟ, ಯಾರೋ ತಂದುಕೊಟ್ಟ 20 ಟ್ಯೂಬ್ ಮಿಶ್ರ ಕ್ರೀಮ್. ಹುಳುಕಡ್ಡಿಗೆ ಅಂತ ಹಚ್ಚಿದೆ. ವಾರದಲ್ಲಿ ಕೆಂಪು ಮಾಯ, ಆಮೇಲೆ ತೊಡೆಯಿಂದ ಸೊಂಟದವರೆಗೆ ಹರಡಿತು. ಅದರಲ್ಲಿ ಕ್ಲೋಬೆಟಾಸಾಲ್ ಅನ್ನುವ ಜೋರು ಸ್ಟಿರಾಯ್ಡ್ ಇತ್ತು. ಮೊದಲೇ ಸ್ಟಿರಾಯ್ಡ್ ಮಾತ್ರೆಯಲ್ಲಿರುವ ಮಗುವಿಗೆ ಮೇಲಿನಿಂದಲೂ ಸ್ಟಿರಾಯ್ಡ್! ಉಳಿದದ್ದನ್ನೆಲ್ಲ ಎಸೆದೆ.

ಗಂಟು ಬಿಚ್ಚಿದ್ದು ಒಬ್ಬ 11 ವರ್ಷದ ಹುಡುಗನಿಂದ. ಪ್ರೆಡ್ನಿಸೋಲೋನ್ ತಗೊಳ್ಳುವವನು. ಬೆರಳ ಸಂದಿಯಲ್ಲಿ ಬೂದು ಬಣ್ಣದ ದಪ್ಪ ಹೊಟ್ಟು, ಉಗುರಿನ ಕೆಳಗೂ ಅದೇ. ಅವನು ಬರೆಯಲು ಕೂತರೆ ಬೆಂಚಿನ ಮೇಲೆ ಸೀಮೆಸುಣ್ಣದ ಪುಡಿ ಉದುರಿದ ಹಾಗೆ ಕಾಣುತ್ತಿತ್ತು. ಒಣ ಚರ್ಮ ಅಂದುಕೊಂಡು 2 ತಿಂಗಳು ವ್ಯಾಸಲೀನ್ ಹಚ್ಚಿದ್ದೆ. ಕೇಳಿದಾಗಲೆಲ್ಲ, 'ಸಿಸ್ಟರ್, ನಂಗೆ ತುರಿಕೆನೇ ಇಲ್ಲ' ಅನ್ನುತ್ತಿದ್ದ. ನಿಜವೇ ಹೇಳುತ್ತಿದ್ದ. ತುರಿಕೆ ಅಂದರೆ ಮೈ ಹುಳುವಿನ ವಿರುದ್ಧ ಎದ್ದು ನಿಲ್ಲುವುದು. ಅವನ ಮೈಗೆ ಆ ಶಕ್ತಿ ಇರಲಿಲ್ಲ. ಚರ್ಮದ ಡಾಕ್ಟರ್ ಒಂದು ಚಿಟಿಕೆ ಹೊಟ್ಟು ಕೆರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಹುಳುಗಳು ಹರಿದಾಡುತ್ತಿದ್ದವು. ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಮೇಲೆ 10-15 ಹುಳು, ಇಂಥ ಹೊಟ್ಟುಕಜ್ಜಿಯಲ್ಲಿ ಸಾವಿರಗಟ್ಟಲೆ.

ಅವತ್ತಿಂದ ಲೆಕ್ಕ ಬದಲಾಯಿತು. ತುರಿಕೆ ಕೇಳುವುದು ಬಿಟ್ಟೆ. ಎಲ್ಲರಿಗೂ ಒಂದೇ ರಾತ್ರಿ ಪರ್ಮೆಥ್ರಿನ್ ಹಚ್ಚಬೇಕು ಅಂದೆ. ಮಕ್ಕಳು, ವಾರ್ಡನ್, ಅಡುಗೆಯವರು, ವಾಚ್‌ಮನ್, ನಾನು, ಎಲ್ಲರೂ. 'ಏನೂ ಇಲ್ಲದವರಿಗೆ ಯಾಕೆ ದಂಡ?' ಅಂತ ಜಗಳವೇ ಆಯಿತು. ಒಂದು ವಾರದ ಹಠದ ಮೇಲೆ ದುಡ್ಡು ಕೊಟ್ಟರು.

ಕತ್ತಿನಿಂದ ಕಾಲ್ಬೆರಳವರೆಗೆ, ಉಗುರು ಕತ್ತರಿಸಿ ಅದರ ಕೆಳಗೂ. ಡಾಕ್ಟರ್ ಹೇಳಿದಂತೆ ಆ 9 ಮಕ್ಕಳಿಗೆ ಮಾತ್ರ ನೆತ್ತಿ, ಕಿವಿಯ ಹಿಂದೆ, ಮುಖಕ್ಕೂ, ಕಣ್ಣು ಬಾಯಿ ಬಿಟ್ಟು. ಕೈ ತೊಳೆದವರಿಗೆ ಮತ್ತೆ ಹಚ್ಚಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಬೆಳಿಗ್ಗೆ ಸ್ನಾನ. 7 ದಿನ ಬಿಟ್ಟು ಇನ್ನೊಂದು ಸಲ. ದೊಡ್ಡ ಹುಡುಗರು ನಾಚಿಕೆ ಬಿಟ್ಟು ಪೂರ್ತಿ ಹಚ್ಚಿಸಿಕೊಳ್ಳುವ ಹಾಗೆ ಮಾಡಲು ನನ್ನದೊಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಆ ಹುಡುಗನಿಗೆ ಮಾತ್ರ ದಾರಿ ಬೇರೆ. ಡಾಕ್ಟರ್ ತೂಕ ನೋಡಿ ಹುಳು ಕೊಲ್ಲುವ ಐವರ್‌ಮೆಕ್ಟಿನ್ ಮಾತ್ರೆ ಹಲವು ಸಲ ಕೊಟ್ಟರು, ಕ್ರೀಮೂ ಪದೇಪದೇ. ಎರಡೂವರೆ ವಾರ ಬೇರೆ ಕೋಣೆ. ಗೆಳೆಯರು ಕಿಟಕಿಯಿಂದ ಮಾತಾಡಿಸುತ್ತಿದ್ದರು. ಸಂಜೆ ನಾನೇ ಗ್ಲೌಸ್ ಹಾಕಿಕೊಂಡು ಕೂತು ಪಾಠ ಓದಿಸುತ್ತಿದ್ದೆ. 'ನನ್ನಿಂದಲೇ ಎಲ್ಲರಿಗೂ ಬಂತಾ ಸಿಸ್ಟರ್?' ಅಂತ ಕೇಳಿದ. 'ನಾನು ಸರಿಯಾಗಿ ನೋಡದೆ ಬಂತು ಪುಟ್ಟ' ಅಂದೆ. ಅದೇ ನಿಜ ಅಲ್ವಾ?

ಬಟ್ಟೆ ಹಾಸಿಗೆಯಲ್ಲಿ ಬಿಸಿನೀರು ತಡೆಯುವಂಥವನ್ನು ಒಗೆದೆವು, ಉಳಿದದ್ದಕ್ಕೆ ಪ್ಲಾಸ್ಟಿಕ್ ಚೀಲ, ಬಾಯಿ ಕಟ್ಟಿ 4 ದಿನ. ಮೈ ಬಿಟ್ಟ ಹುಳು ಸಾಮಾನ್ಯವಾಗಿ 2-3 ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹುಡುಗನ ಸಾಮಾನು ಮಾತ್ರ 10 ದಿನ ಇಟ್ಟೆ. ನಡುವೆ ಸುಮ್ನೆ ಒಂದು ಪ್ರಯೋಗ. ಅನುಮಾನದ ಜಾಗಕ್ಕೆ ಸ್ಕೆಚ್ ಪೆನ್ ಬಣ್ಣ ಸವರಿ ಸ್ಪಿರಿಟ್‌ನಿಂದ ಒರೆಸುವುದು. ಹುಳು ಕೊರೆದ ದಾರಿ ಇದ್ದರೆ ಬಣ್ಣದ ಗೆರೆ ಉಳಿಯುತ್ತದೆ. 10 ಮಕ್ಕಳಲ್ಲಿ 6 ಮಕ್ಕಳಿಗೆ ಸರಿ ತೋರಿಸಿತು. ಹೊಟ್ಟುಕಜ್ಜಿಯಲ್ಲಿ ಏನೂ ಗೊತ್ತಾಗಲಿಲ್ಲ.

ಎರಡನೇ ಸುತ್ತು ಮುಗಿದ ಮೇಲೂ ಸುಮಾರು 3 ವಾರ ತುರಿಕೆ ಇತ್ತು. 'ನೋಡಿ, ಹೋಗಿಲ್ಲ' ಅಂತ ಗುಲ್ಲು. ಸತ್ತ ಹುಳುವಿನ ಅಲರ್ಜಿ ಅದು. ಮೂರನೇ ಸುತ್ತಿಗೆ ನಾನು ಒಪ್ಪಲಿಲ್ಲ. ಹೊಸ ಗುಳ್ಳೆ, ಹೊಸ ಗೆರೆ ಇದ್ದರೆ ತೋರಿಸಿ ಅಂದೆ. ಯಾರಿಗೂ ಸಿಗಲಿಲ್ಲ. ಎರಡು ಸುತ್ತಿಗೂ ಸೇರಿ ಆದ ಖರ್ಚು ಹಿಂದಿನ 4 ತಿಂಗಳ ಅರ್ಧದಷ್ಟೂ ಇಲ್ಲ.

ಕೆರೆದ ಗಾಯ ಕೀವಾಗಿ ಜೇನುಬಣ್ಣದ ಹಕ್ಕಳೆ ಕಟ್ಟಿದರೆ ಈ 9 ಮಕ್ಕಳ ವಿಷಯದಲ್ಲಿ ನಾನು ಮುಲಾಮು ನಂಬಿ ಕೂರುವುದಿಲ್ಲ, ಅದೇ ದಿನ ಡಾಕ್ಟರಿಗೆ ತೋರಿಸುತ್ತೇನೆ. ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ. ಯಾರಿಗಾದರೂ ಸೀತಾಳೆ ಸಿಡುಬು ಅಂತ ಗೊತ್ತಾದರೂ ಅಷ್ಟೇ. ಇವರಿಗೆ ಗುಳ್ಳೆ ಏಳುವ ತನಕ ಕಾಯದೆ ಆ ಗಂಟೆಯೇ ಫೋನ್. ತಲೆಯ ಹುಳುಕಡ್ಡಿಗೆ ಕ್ರೀಮ್ ದಂಡ, ಮಾತ್ರೆಯೇ ಬೇಕು, ಅದೂ ವಾರಗಟ್ಟಲೆ.

ಈಗ ಪ್ರತಿ ಶನಿವಾರ ಕಿಟಕಿಯ ಬೆಳಕಿನಲ್ಲಿ ಆ 9 ಮಕ್ಕಳ ಕೈ ನೋಡುತ್ತೇನೆ. ಬೆರಳ ಸಂದಿ, ಮಣಿಕಟ್ಟು, ಉಗುರು. ರಜೆ ಮುಗಿಸಿ ಬಂದವರಿಗೆ ಚೀಲ ಇಳಿಸುವ ಮೊದಲೇ ಇದು ಆಗಬೇಕು. ಆ ಹುಡುಗನ ಹೆಬ್ಬೆರಳಿನ ಉಗುರು ಹೊಸದಾಗಿ ಪೂರ್ತಿ ಬರಲು 5 ತಿಂಗಳು ಹಿಡಿಯಿತು. ಹೋದ ವಾರ ಸಾಲಿನಲ್ಲಿ ಅವನೇ ಮೊದಲು ಬಂದು ಎರಡೂ ಕೈ ಮುಂದೆ ಚಾಚಿದ.