ಕುಬುಸದ ಸೀರೆ ನೆನಪಿತ್ತು, ತಾಯಿ ಕಾರ್ಡ್ ಮರೆತೆ

ನಮ್ಮ ಕಡೆ ಚೊಚ್ಚಲ ಹೆರಿಗೆ ಅಂದರೆ ತವರಲ್ಲೇ. ನನ್ನ ಗಂಡನ ಮನೆ ಭರಮಸಾಗರದ ಹತ್ತಿರದ ಹಳ್ಳಿ, ತವರು ದಾವಣಗೆರೆ. ಹೈವೇಯಲ್ಲಿ ಬಸ್ ಹತ್ತಿದರೆ ದೊಡ್ಡ ದೂರವೇನಲ್ಲ. ಆದರೆ ಎಂಟು ತಿಂಗಳು ನನ್ನನ್ನು ನೋಡಿದವರು ಒಬ್ಬರು, ಕಡೆಯ ತಿಂಗಳು ನೋಡುವವರು ಇನ್ನೊಬ್ಬರು. ಜಿಲ್ಲೆಯೂ ಬೇರೆ. ಇದೊಂದು ಸಮಸ್ಯೆ ಅಂತ ನಮಗ್ಯಾರಿಗೂ ಹೊಳೆದಿರಲೇ ಇಲ್ಲ.

ಊರಲ್ಲಿ ಎಲ್ಲ ಸಲೀಸಾಗಿತ್ತು. ಆಶಾ ಅಕ್ಕನೇ ಮನೆಗೆ ಬಂದು ಹೆಸರು ಬರೆಸಿಕೊಂಡು, ತಪಾಸಣೆಯ ವಿವರವೆಲ್ಲ ಬರೆಯುವ ತಾಯಿ ಕಾರ್ಡ್ ಮಾಡಿಸಿಕೊಟ್ಟರು. ಮೊದಲ ತಪಾಸಣೆಯಲ್ಲಿ ತೂಕ 49 ಕೆಜಿ, ಬಿಪಿ 100/60, ರಕ್ತ (ಹಿಮೋಗ್ಲೋಬಿನ್) 9.4. ಬಸುರಿಗೆ 11 ಇರಬೇಕಂತೆ. ಕಬ್ಬಿಣದ ಮಾತ್ರೆ ಕೊಟ್ಟರು. ನಾನು ಅದನ್ನು ಬೆಳಗಿನ ಟೀ ಜೊತೆ ನುಂಗುತ್ತಿದ್ದೆ. ಎರಡು ತಿಂಗಳಾದರೂ ರಕ್ತ ಏರಲಿಲ್ಲ. ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತೋದಿಲ್ಲ, ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೆ ನುಂಗಬಾರದು ಅಂತ ಸಿಸ್ಟರ್ ಬೈದ ಮೇಲೆ ಗೊತ್ತಾಯಿತು. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು ನಿಂಬೆಹಣ್ಣಿನ ನೀರಿನ ಜೊತೆ ನುಂಗತೊಡಗಿದೆ. ಎಂಟನೇ ತಿಂಗಳಿಗೆ 10.8 ಬಂತು. ಪ್ರತಿ ತಿಂಗಳ 9ನೇ ತಾರೀಖು ಆರೋಗ್ಯ ಕೇಂದ್ರದಲ್ಲಿ ಬಸುರಿಯರನ್ನು ಡಾಕ್ಟರೇ ನೋಡುತ್ತಾರೆ. ಒಂದು ತಿಂಗಳೂ ತಪ್ಪಿಸಲಿಲ್ಲ.

ಒಂಬತ್ತಕ್ಕೆ ಬೀಳುತ್ತಲೇ ಕುಬುಸ ಮಾಡಿದರು. ಹಸಿರು ಸೀರೆ, ಬಳೆ, ಐದು ಥರದ ಅನ್ನ, ಬುತ್ತಿ ಎಲ್ಲ ಕಟ್ಟಿಕೊಂಡು ತವರಿಗೆ ಬಂದೆ. ತಾಯಿ ಕಾರ್ಡ್ ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿಯಿತು.

ದಾವಣಗೆರೆಯಲ್ಲಿ ಮನೆಗೆ ಹತ್ತಿರ ಅಂತ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಜನವೋ ಜನ. ಹೊಸ ಫೈಲ್ ಮಾಡಿದರು. 'ಹಳೇ ರಿಪೋರ್ಟ್ ಇಲ್ವಾ?' ಅಂದರು. 'ಊರಲ್ಲಿದೆ ಮೇಡಂ' ಅಂದೆ. ಬಿಪಿ 136/88. 'ಒಂಚೂರು ಜಾಸ್ತಿ ಇದೆ, ಉಪ್ಪು ಕಮ್ಮಿ ಮಾಡಿ, ಎರಡು ವಾರ ಬಿಟ್ಟು ಬನ್ನಿ' ಅಂತ ಕಳಿಸಿದರು. ಮೂತ್ರ ಪರೀಕ್ಷೆ ಬರೆಯಲಿಲ್ಲ. ನಾನೂ ಕೇಳಲಿಲ್ಲ. ಅವರನ್ನು ಪೂರ್ತಿ ದೂರಲಾರೆ. 140/90 ಮುಟ್ಟಿದರೆ ತಾನೇ ಗಂಟೆ ಬಾರಿಸೋದು? ನನ್ನದು ಮುಟ್ಟಿರಲಿಲ್ಲ.

ಕಾಲು ಬಾತಿತ್ತು. ಅಮ್ಮ, 'ಬಸುರಿ ಅಂದ್ಮ್ಯಾಲೆ ಕಾಲು ಬಾವು ಬರದೇ ಇರ್ತತೇನೇ?' ಅಂದಳು. ಅದು ಸುಳ್ಳಲ್ಲ, ಸುಮಾರು ಜನಕ್ಕೆ ಬರುತ್ತದೆ. ಆದರೆ ನನ್ನ ಬೆರಳುಗಳೂ ಬಾತಿದ್ದವು, ಉಂಗುರ ತೆಗೆಯಲು ಆಗುತ್ತಿರಲಿಲ್ಲ. ತಲೆನೋವಿಗೆ ಬಿಸಿಲು ಕಾರಣ ಅಂದುಕೊಂಡೆ.

ಆ ತಿಂಗಳ 9ಕ್ಕೆ ನಾನು ಕಾಣಲಿಲ್ಲ ಅಂತ ಆಶಾ ಅಕ್ಕ ಫೋನ್ ಮಾಡಿದರು. ಸುಮ್ನೆ ಮಾತಿಗೆ ಬಿಪಿ ಎಷ್ಟು ಅಂತ ಹೇಳಿದೆ. ಅಕ್ಕನ ದನಿಯೇ ಬದಲಾಯಿತು. 'ನಿಂದು ಯಾವಾಗ್ಲೂ ನೂರು ಅರವತ್ತು ಕಣಮ್ಮ. ಬೇರೆಯವರಿಗೆ ಒಂಚೂರು ಜಾಸ್ತಿ ಇರಬೋದು, ನಿನಗೆ ಬಾಳ ಜಾಸ್ತಿ ಅದು. ತಲೆನೋವು ಐತಾ? ಕಣ್ಣು ಮಂಜಾಗ್ತತಾ? ನಾಳೇನೇ ಹೋಗು.' ನನ್ನ ಗಂಡ ಬೀರು ತೆಗೆದು ಕಾರ್ಡಿನ ಒಂದೊಂದು ಪುಟದ ಫೋಟೋ ವಾಟ್ಸಾಪಲ್ಲಿ ಕಳಿಸಿದರು.

ಮರುದಿನ ಬೇರೆ ಆಸ್ಪತ್ರೆಗೆ ಹೋದೆವು. 150/98. ಮೂತ್ರದಲ್ಲಿ ಪ್ರೋಟೀನ್ ಎರಡು ಪ್ಲಸ್. ಅಲ್ಲಿಯ ಡಾಕ್ಟರು ಫೋನಿನಲ್ಲಿದ್ದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರು. ಬಿಪಿ ಮೊದಲಿಂದಲೇ ಇತ್ತಾ, ಈಗ ಶುರುವಾಗಿದ್ದಾ ಅನ್ನೋದು ಅವರಿಗೆ ಮುಖ್ಯವಂತೆ. ಪ್ರೀ-ಎಕ್ಲಾಂಪ್ಸಿಯಾ ಅಂದರು, ಬಸುರಿಗೆ ಬಿಪಿ ಏರುವ ಕಾಯಿಲೆ; ಹಳಬರು ನಂಜು ಅನ್ನುತ್ತಾರಲ್ಲ, ಅದೇ. ಉಪ್ಪು ಬಿಟ್ಟರೆ ಹೋಗುವಂಥದ್ದಲ್ಲ. ಅವತ್ತೇ ಅಡ್ಮಿಟ್ ಮಾಡಿ ಮಾತ್ರೆ ಶುರು ಮಾಡಿದರು. ಪ್ಲೇಟ್‌ಲೆಟ್, ಲಿವರ್ ಪರೀಕ್ಷೆ ಆಯಿತು. ದಿನಕ್ಕೆ ಮೂರು ಸಲ ಮಗುವಿನ ಎದೆಬಡಿತ ಕೇಳುತ್ತಿದ್ದರು. 37 ವಾರ ತುಂಬಿದ ದಿನ ನೋವು ಬರಲು ಜೆಲ್ ಇಟ್ಟರು.

ಹೆರಿಗೆಯ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಹದಿನಾಲ್ಕು ಗಂಟೆ ನೋವು, ಹೊಲಿಗೆ, ಹೆಣ್ಣು ಮಗು, 2.4 ಕೆಜಿ. ನನ್ನ ಸ್ವಂತ ಅಕ್ಕನನ್ನು ಒಳಗೆ ಬಿಡಿ ಅಂತ ಮೊದಲೇ ಕೇಳಿಕೊಂಡಿದ್ದೆ, ಬಿಟ್ಟರು. ಕೈ ಹಿಡಿಯಲು ಒಬ್ಬರಿದ್ದರೆ ಎಷ್ಟೋ ಧೈರ್ಯ. ಆಯಾ ಮಗು ತೋರಿಸಿ ಕೈಚಾಚಿದ್ದು, ಹೆಣ್ಣು ಅಂತ ರೇಟು ಇಳಿಸಿದ್ದು ಬೇರೆ ಕತೆ. ಅಮ್ಮ ಇವತ್ತಿಗೂ ಅದನ್ನು ಹೇಳಿಕೊಂಡು ಸಿಟ್ಟಾಗುತ್ತಾಳೆ.

ನನಗೆ ಗೊತ್ತಿಲ್ಲದೇ ಇದ್ದದ್ದು ಇದು: ಮಗು ಹುಟ್ಟಿದ ತಕ್ಷಣ ಬಿಪಿ ಇಳಿಯೋದಿಲ್ಲ. ಮೊದಲ ಕೆಲವು ದಿನ ಇನ್ನೂ ಹುಷಾರಾಗಿರಬೇಕು. ಬಾಣಂತಿಗೆ ತಲೆನೋವು ಅಂದರೆ ನಮ್ಮ ಮನೆಯಲ್ಲಿ ಗಾಳಿ ಹೊಕ್ಕಿದೆ ಅಂತ ಕಿವಿಗೆ ಹತ್ತಿ ಇಡುತ್ತಾರೆ. ನಾನು ಹತ್ತಿಯನ್ನೂ ಇಟ್ಟುಕೊಂಡೆ, ಬಿಪಿಯನ್ನೂ ನೋಡಿಸಿಕೊಂಡೆ. ಮಾತ್ರೆ ನಿಲ್ಲಿಸಿದ್ದು ಮೂರು ವಾರಕ್ಕೆ.

ಈಗ ನನ್ನ ನಾದಿನಿಗೆ ಆರು ತಿಂಗಳು. ಅವಳ ತವರು, ಅಂದರೆ ನಮ್ಮ ಮನೆಗೆ ಬರೋದು ಕುಬುಸ ಆದ ಮೇಲೆ. ಅದಕ್ಕೆ ಕಾಯಬೇಡ, ಏಳರಲ್ಲೇ ಒಂದು ಸಲ ಬಂದು ಹೆರಿಗೆ ಆಗುವ ಆಸ್ಪತ್ರೆಗೆ ತೋರಿಸು ಅಂದಿದ್ದೇನೆ. ರಾತ್ರಿ ಡಾಕ್ಟರು ಇರ್ತಾರಾ, ರಕ್ತ ಬೇಕಾದರೆ ಎಲ್ಲಿಂದ ತರ್ತಾರೆ ಅಂತ ಆಗಲೇ ಕೇಳಬಹುದು. ಕಾರ್ಡಿನ ಫೋಟೋ ಮೂವರ ಫೋನಿನಲ್ಲಿದೆ. ಬಿಪಿ ನೋಡಿದವರು 'ನಾರ್ಮಲ್' ಅಂದರೆ ಸುಮ್ಮನಾಗದೆ ನಂಬರ್ ಕೇಳಿ ಬರೆದುಕೊಳ್ಳುತ್ತಾಳೆ.

ಇನ್ನು ಬಸುರಿ-ಬಾಣಂತಿಯರಿಗೆ ಸರ್ಕಾರ ಕೊಡುವ ಮಾತೃವಂದನಾ ದುಡ್ಡು. ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತು. ಎರಡನೆಯದು ಮಗುವಿನ ಜನನ ನೋಂದಣಿ ಆಗಿ, ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ. ನಮ್ಮದು ನಿಂತುಹೋಗಿತ್ತು. ಲಸಿಕೆ ಹಾಕಿಸಿದ್ದು ದಾವಣಗೆರೆಯಲ್ಲಿ, ಅರ್ಜಿ ಹಾಕಿದ್ದು ಊರಲ್ಲಿ. ಐದು ತಿಂಗಳಿಗೆ ಮಗು ಕರೆದುಕೊಂಡು ವಾಪಸ್ ಹೋದಾಗ ಆಶಾ ಅಕ್ಕನಿಗೆ ಕಾರ್ಡ್ ಕೊಟ್ಟೆ. ಈ ಸಲ ಅದು ನನ್ನ ಬ್ಯಾಗಿನಲ್ಲೇ ಇತ್ತು.