ಹದಿನಾರು ಚುಕ್ಕಿಯ ಅಕ್ಷರಗಳು ಟರ್ಮಿನಲ್‌ಗೆ ಬಂದ ಬಗೆ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಅವ್ವ ಇಳಕಲ್ ಸೀರೆಗೆ ಕಸೂತಿ ಹಾಕುವಾಗ ಒಂದೊಂದೇ ಎಳೆ ಎಣಿಸುತ್ತಾಳೆ. ಹಾಗೆಯೇ ಚುಕ್ಕಿ ಎಣಿಸಿ ನಾನು ಎಂಟು ಅಗಲ, ಹದಿನಾರು ಎತ್ತರದ ಚೌಕಟ್ಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಒಂದು ಬಿಟ್‌ಮ್ಯಾಪ್ ಫಾಂಟ್, ಅಂದರೆ ಚುಕ್ಕಿಗಳಿಂದಲೇ ಕಟ್ಟಿದ ಅಕ್ಷರಮಾದರಿ, ಬರೆದೆ. ಟರ್ಮಿನಲ್ ಎಂದರೆ ಕಂಪ್ಯೂಟರ್‌ಗೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್‌ನಲ್ಲಿ ನನ್ನ ಫಾಂಟ್ ಚೆನ್ನಾಗಿಯೇ ಮೂಡಿತು. ಗ್ನೋಮ್ ಟರ್ಮಿನಲ್‌ನ ಫಾಂಟ್ ಪಟ್ಟಿಯಲ್ಲಿ ಮಾತ್ರ ಅದರ ಹೆಸರೇ ಇಲ್ಲ!

ಎರಡು ರಾತ್ರಿ ನನ್ನ ಕಡತದಲ್ಲೇ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ಗ್ನೋಮ್ ಟರ್ಮಿನಲ್ ಅಕ್ಷರ ಜೋಡಿಸಲು ಪ್ಯಾಂಗೋ ಎಂಬ ಲೈಬ್ರರಿಯನ್ನು (ಬೇರೆ ತಂತ್ರಾಂಶಗಳು ಬಳಸುವ ಸಿದ್ಧ ಕೋಡ್) ನೆಚ್ಚಿಕೊಂಡಿದೆ. 2019ರಲ್ಲಿ ಬಂದ ಪ್ಯಾಂಗೋ 1.44 ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿಯತ್ತ ಹೊರಳಿ, ಬಿಡಿಎಫ್, ಪಿಸಿಎಫ್ ಎಂಬ ಹಳೆಯ ಬಿಟ್‌ಮ್ಯಾಪ್ ಫಾಂಟ್ ಕಡತದ ಬಗೆಗಳನ್ನು ಕೈಬಿಟ್ಟಿತು. ಎಷ್ಟೋ ಜನ ಅಕ್ಕರೆಯಿಂದ ತಿದ್ದಿ ತೀಡಿದ ಫಾಂಟ್‌ಗಳು ಒಮ್ಮೆಲೇ ಕಾಣದಾದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ಆದರೆ ಚುಕ್ಕಿಗಳನ್ನು ಓಪನ್‌ಟೈಪ್ ಎಂಬ ಫಾಂಟ್ ಬಗೆಯ ಹೊದಿಕೆಯೊಳಗೆ ಇಟ್ಟರೆ ಪ್ಯಾಂಗೋ ಒಪ್ಪುತ್ತದೆ. ಫಾಂಟ್ ತಿದ್ದುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ನನ್ನ ಬಿಡಿಎಫ್ ಕಡತವನ್ನು ತೆರೆದು ಓಟಿಬಿ (ಓಪನ್‌ಟೈಪ್ ಬಿಟ್‌ಮ್ಯಾಪ್) ಆಗಿ ಉಳಿಸಿದೆ. ಆಮೇಲೂ ಕಾಣಲಿಲ್ಲ! ನನ್ನ ಕಂಪ್ಯೂಟರ್ ನಡೆಸುವ ಉಬುಂಟುವಿನಲ್ಲಿ ಫಾಂಟ್‌ಗಳನ್ನು ಹುಡುಕಿಕೊಡುವುದು ಫಾಂಟ್‌ಕಾನ್ಫಿಗ್; ಅದರಲ್ಲಿ ಬಿಟ್‌ಮ್ಯಾಪ್‌ಗಳನ್ನು ತಡೆಯುವ, ಹೆಸರು 70 ಎಂಬ ಅಂಕೆಯಿಂದ ಶುರುವಾಗುವ ನಿಯಮದ ಕಡತವೊಂದಿತ್ತು. ಆ ನಿಯಮವನ್ನು ಜಾರಿಯಲ್ಲಿಟ್ಟಿದ್ದ ಕೊಂಡಿಯನ್ನು ತೆಗೆದು, ಫಾಂಟ್ ಸಂಗ್ರಹವನ್ನು ಹೊಸದಾಗಿ ಕಟ್ಟಿಸಿದಾಗ ಹೆಸರು ಪಟ್ಟಿಗೆ ಬಂತು.

ಅಳತೆಯ ಬಗ್ಗೆ ಎಚ್ಚರ ಬೇಕು. ಇಂಚಿಗೆ 96 ಚುಕ್ಕಿಯ ಪರದೆಯಲ್ಲಿ 16 ಚುಕ್ಕಿ ಎಂದರೆ ಸರಿಯಾಗಿ 12 ಪಾಯಿಂಟ್. ನಾನು 12ನ್ನೇ ಆರಿಸಿದೆ. ಪ್ರತಿ ಚುಕ್ಕಿಯೂ ನಾನಿಟ್ಟ ಜಾಗದಲ್ಲೇ ನಿಂತಿತು. ಅವ್ವನನ್ನು ಕರೆದು ಮೊದಲು ಅವಳಿಗೇ ತೋರಿಸಿದೆ.