ಬಿಳಿ ಫಲಕದ ಹಿಂದೆ: ಸಿಯಾಟಲ್‌ನಲ್ಲಿ ಹೊಸ ಕಟ್ಟಡಕ್ಕೆ ಆಕ್ಷೇಪ ಎತ್ತುವ ಬಾಗಿಲುಗಳು

ಸಿಯಾಟಲ್‌ನ ಯಾವುದಾದರೂ ಬಸ್ ಮಾರ್ಗದ ಬದಿಯಲ್ಲಿ ಹಳೆಯ ಅಂಗಡಿಯೊಂದು ಮುಚ್ಚಿ ಕೆಲವು ತಿಂಗಳಾದ ಮೇಲೆ, ಆ ಜಾಗದ ಮುಂದೆ ಮಂಚದಷ್ಟು ಅಗಲದ ಬಿಳಿ ಫಲಕವೊಂದು ಎದ್ದು ನಿಲ್ಲುವುದುಂಟು. ಅದರ ಮೇಲೆ ನಿವೇಶನದ ಸಣ್ಣ ನಕ್ಷೆ, ಯೋಜನೆಯ ಸಂಖ್ಯೆ, ಎಷ್ಟು ಮಹಡಿ ಎಷ್ಟು ಮನೆ ಎಂಬ ಒಂದೆರಡು ಸಾಲು, ಅಭಿಪ್ರಾಯ ಕಳುಹಿಸಲು ಕೊನೆಯ ದಿನಾಂಕ ಇಷ್ಟೇ ಇರುತ್ತವೆ. ಈ ಊರಿಗೆ ಬಂದ ಮೊದಲ ಎರಡು ವರ್ಷ ನಾನು ಅದನ್ನು ಮಾರಾಟದ ಜಾಹೀರಾತೆಂದೇ ತಿಳಿದು ದಾಟಿಹೋಗುತ್ತಿದ್ದೆ. ಅದು ಜಾಹೀರಾತಲ್ಲ, ಕಾನೂನಿನ ಪ್ರಕಾರ ಹೊರಡಿಸಿದ ಸಾರ್ವಜನಿಕ ಸೂಚನೆ. ಅದನ್ನು ಓದಿ ಉತ್ತರ ಬರೆಯುವ ಹಕ್ಕು ಬಾಡಿಗೆದಾರರಿಗೂ ಇದೆ, ಎಚ್‌-1ಬಿ ವೀಸಾದ ಮೇಲಿರುವವರಿಗೂ ಇದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ನಿವೇಶನದಲ್ಲಿ ಎಷ್ಟು ಎತ್ತರ, ಎಷ್ಟು ವಿಸ್ತೀರ್ಣ ಕಟ್ಟಬಹುದು ಎಂಬುದು ಫಲಕ ಏಳುವ ಹೊತ್ತಿಗೆ ತೀರ್ಮಾನವಾಗಿ ಹೋಗಿರುತ್ತದೆ. ಅದನ್ನು ನಗರ ಪರಿಷತ್ತು ವಲಯ ನಿಯಮಗಳಲ್ಲಿ, ಅಂದರೆ ಇಲ್ಲಿನವರು ಝೋನಿಂಗ್ ಎನ್ನುವ ಕಾನೂನಿನಲ್ಲಿ, ಮೊದಲೇ ಬರೆದಿಟ್ಟಿರುತ್ತದೆ. ಆದರೂ ದಶಕಗಳ ಕಾಲ ದೊಡ್ಡ ವಸತಿ ಕಟ್ಟಡಗಳು ಝೋನಿಂಗ್‌ನ ಮೇಲೆ ಇನ್ನೆರಡು ಪರೀಕ್ಷೆಗಳನ್ನು ದಾಟಿ ಬರಬೇಕಾಗಿತ್ತು. ಒಂದು, ವಾಷಿಂಗ್ಟನ್ ರಾಜ್ಯವು 1971ರಲ್ಲಿ ತಂದ ರಾಜ್ಯ ಪರಿಸರ ನೀತಿ ಕಾಯ್ದೆಯಡಿಯ ಪರಿಶೀಲನೆ. ಇದನ್ನು ಎಲ್ಲರೂ ಸೆಪಾ ಎಂದೇ ಕರೆಯುತ್ತಾರೆ. ಇನ್ನೊಂದು, ಸಿಯಾಟಲ್ ನಗರವೇ 1994ರಲ್ಲಿ ಆರಂಭಿಸಿದ ವಿನ್ಯಾಸ ಪರಿಶೀಲನೆ, ಅಂದರೆ ಡಿಸೈನ್ ರಿವ್ಯೂ. ವಸತಿಯ ಕುರಿತು ಇಲ್ಲಿ ನಡೆಯುವ ವಾದ-ವಿವಾದದ ಬಹುಪಾಲು ಈ ಎರಡರ ಸುತ್ತಲೇ ಸುತ್ತುತ್ತದೆ.

ಸೆಪಾದಲ್ಲಿ ‘ಪರಿಸರ’ ಎಂಬ ಮಾತಿಗೆ ಇರುವ ಅರ್ಥ ನಾವು ದಿನನಿತ್ಯ ಬಳಸುವ ಅರ್ಥಕ್ಕಿಂತ ಬಹಳ ಅಗಲವಾದದ್ದು. ಅರ್ಜಿದಾರರು ತುಂಬಬೇಕಾದ ಪ್ರಶ್ನಾವಳಿಯಲ್ಲಿ ಮಣ್ಣು, ಗಾಳಿ, ನೀರು, ಗಿಡಮರ, ಪ್ರಾಣಿಗಳ ಜೊತೆಗೆ ಸೌಂದರ್ಯ, ಬೆಳಕು ಮತ್ತು ಪ್ರಖರತೆ, ಐತಿಹಾಸಿಕ ಕಟ್ಟಡಗಳು, ಸಂಚಾರ, ಸಾರ್ವಜನಿಕ ಸೇವೆಗಳು ಎಲ್ಲವೂ ಸೇರಿವೆ. ಅದನ್ನು ಓದಿದ ಅಧಿಕಾರಿ, ಈ ಯೋಜನೆಯಿಂದ ಪರಿಸರಕ್ಕೆ ಗಣನೀಯ ಹಾನಿ ಇಲ್ಲವೆಂದು ತೀರ್ಮಾನಿಸಿದರೆ ಡಿಎನ್‌ಎಸ್ ಎಂಬ ಪತ್ರ ಹೊರಡುತ್ತದೆ. ಹಾನಿ ಇರಬಹುದೆಂದು ಕಂಡರೆ ಇಐಎಸ್ ಎಂಬ ನೂರಾರು ಪುಟಗಳ ವರದಿ ತಯಾರಾಗಬೇಕು. ಮೊದಲನೆಯದು ಒಂದು ಸಹಿಯಲ್ಲಿ ಮುಗಿಯಬಹುದು, ಎರಡನೆಯದಕ್ಕೆ ವರ್ಷ ಹಿಡಿಯಬಹುದು. ಹೀಗಾಗಿ ಒಂದು ಯೋಜನೆಯನ್ನು ತಡೆಯಬೇಕೆನ್ನುವವರು ಅಧಿಕಾರಿಯ ಡಿಎನ್‌ಎಸ್ ತಪ್ಪು, ಇಐಎಸ್ ಬೇಕು ಎಂದು ಮೇಲ್ಮನವಿ ಹಾಕುವ ದಾರಿಯನ್ನು ಬಹಳ ಬೇಗ ಕಂಡುಕೊಂಡರು.

ವಿನ್ಯಾಸ ಪರಿಶೀಲನೆಯ ಸ್ವಭಾವ ಬೇರೆ. ನಗರದ ಪ್ರತಿಯೊಂದು ಭಾಗಕ್ಕೂ ಐವರು ಸ್ವಯಂಸೇವಕರ ಒಂದು ಮಂಡಳಿ ಇತ್ತು. ಅದರಲ್ಲಿ ವಾಸ್ತುಶಿಲ್ಪ ಬಲ್ಲವರೊಬ್ಬರು, ಕಟ್ಟಡೋದ್ಯಮದವರೊಬ್ಬರು, ಸ್ಥಳೀಯ ನಿವಾಸಿ, ಸ್ಥಳೀಯ ವ್ಯಾಪಾರಿ ಹೀಗೆ ಬೇರೆ ಬೇರೆ ಹಿನ್ನೆಲೆಯವರು ಕೂಡಬೇಕೆಂಬುದು ಮೂಲ ಆಶಯ. ಮೊದಲ ಸಭೆಯಲ್ಲಿ ವಾಸ್ತುಶಿಲ್ಪಿಯು ಕಟ್ಟಡದ ಒಟ್ಟು ಆಕಾರಕ್ಕೆ ಮೂರು ಪರ್ಯಾಯಗಳನ್ನು ತೋರಿಸಬೇಕಿತ್ತು. ಎರಡನೆಯ ಸಭೆಯಲ್ಲಿ ಗೋಡೆಯ ಹೊದಿಕೆ, ಬಣ್ಣ, ಕಿಟಕಿ, ಗಿಡಗಳ ತನಕ ವಿವರಗಳು ಬರುತ್ತಿದ್ದವು. ಮಂಡಳಿಗೆ ಸಮಾಧಾನವಾಗದಿದ್ದರೆ ಅದೇ ಸಭೆಯನ್ನು ಮತ್ತೆ ಕರೆಯುವ ರೂಢಿಯೂ ಇತ್ತು.

ಇಂಥ ಒಂದು ಸಭೆಯನ್ನು ನಾನು ಪರದೆಯ ಮೇಲೆ ಕೂತು ಪೂರ್ತಿ ನೋಡಿದ್ದೇನೆ. ಕಿಟಕಿಗಳು ಗೋಡೆಯಿಂದ ಎಷ್ಟು ಅಂಗುಲ ಒಳಸರಿದಿರಬೇಕು ಎಂಬ ಚರ್ಚೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ನಡೆಯಿತು. ಇಟ್ಟಿಗೆಯ ಬಣ್ಣ ಬೂದುಮಿಶ್ರಿತವೋ ಕಂದುಮಿಶ್ರಿತವೋ ಎಂಬ ಬಗ್ಗೆ ಮಂಡಳಿಯ ಇಬ್ಬರಿಗೆ ಒಮ್ಮತ ಬರಲಿಲ್ಲ. ನಡುವೆ ಸಾರ್ವಜನಿಕರ ಸರದಿ ಬಂದಾಗ ಹಿರಿಯ ಮಹಿಳೆಯೊಬ್ಬರು ತಮ್ಮ ಬೀದಿಯಲ್ಲಿ ಈಗಲೇ ಕಾರು ನಿಲ್ಲಿಸಲು ಜಾಗವಿಲ್ಲವೆಂದು ಹೇಳತೊಡಗಿದರು; ಅಧ್ಯಕ್ಷರು ಬಹಳ ವಿನಯದಿಂದ, ಪಾರ್ಕಿಂಗ್ ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲವೆಂದರು. ಆಕೆ ಒಂದು ಕ್ಷಣ ಸುಮ್ಮನಾಗಿ, ಹಾಗಾದರೆ ಕಟ್ಟಡದ ಮುಂಭಾಗ ತುಂಬಾ ಭಾರವಾಗಿ ಕಾಣುತ್ತದೆ ಎಂದರು. ಅದು ವ್ಯಾಪ್ತಿಗೆ ಬಂತು, ದಾಖಲೆಗೂ ಹೋಯಿತು. ಈ ವ್ಯವಸ್ಥೆಯ ಒಳಗುಟ್ಟು ನನಗೆ ಅರ್ಥವಾದದ್ದು ಆ ಕ್ಷಣದಲ್ಲೇ ಎನ್ನಬಹುದು: ಜನರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬಾಗಿಲಿಲ್ಲ, ಬಾಗಿಲಿರುವ ಪ್ರಶ್ನೆಯ ವೇಷದಲ್ಲಿ ಅದು ಒಳಗೆ ಬರುತ್ತದೆ. ಇಲ್ಲಿಗೆ ಇನ್ನಷ್ಟು ಜನ ಬಂದು ನೆಲೆಸಬೇಕೇ ಬೇಡವೇ ಎಂಬುದೇ ನಿಜವಾದ ತಕರಾರಾಗಿದ್ದರೂ ಅದು ನೆರಳು, ಮರ, ಇಟ್ಟಿಗೆ, ಕಿಟಕಿಯ ಭಾಷೆಯಲ್ಲಿ ಮಾತನಾಡುತ್ತದೆ.

ಈ ಮಂಡಳಿಗಳಿಂದ ಪ್ರಯೋಜನವೇ ಆಗಿಲ್ಲ ಎಂದರೆ ಅನ್ಯಾಯವಾದೀತು. ಪಾದಚಾರಿ ದಾರಿಗೆ ಮುಖಮಾಡಿದ ಉದ್ದನೆಯ ಕುರುಡು ಗೋಡೆ ಒಡೆದು ಅಂಗಡಿಯ ಬಾಗಿಲಾಗುವುದು, ಕಸದ ಡಬ್ಬಿಗಳ ಜಾಗ ಮುಖ್ಯದ್ವಾರದ ಪಕ್ಕದಿಂದ ಹಿಂದಿನ ಓಣಿಗೆ ಹೋಗುವುದು ಇಂಥ ಸಭೆಗಳಲ್ಲೇ. ಒಂದು ಹಳೆಯ ಮರವನ್ನು ಉಳಿಸಿಕೊಂಡರೆ ಅಳತೆಯ ನಿಯಮವೊಂದರಿಂದ ವಿನಾಯಿತಿ ಕೊಡಬಹುದೆಂಬ ಒಪ್ಪಂದ ಮಾಡಿಕೊಳ್ಳಲೂ ಇದೇ ಪ್ರಕ್ರಿಯೆ ಅವಕಾಶ ಕೊಟ್ಟಿತ್ತು. ಅದಕ್ಕೆ ಡಿಪಾರ್ಚರ್ ಎನ್ನುತ್ತಾರೆ. ಮಂಡಳಿಯದು ಶಿಫಾರಸು ಮಾತ್ರ, ಕೊನೆಯ ತೀರ್ಮಾನ ನಗರದ ಕಟ್ಟಡ ನಿರ್ಮಾಣ ಇಲಾಖೆಯದು. ಆದರೆ ಐವರಲ್ಲಿ ನಾಲ್ವರು ಒಂದಾದರೆ ಇಲಾಖೆ ಅದನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ.

ಇಲಾಖೆಯ ತೀರ್ಮಾನ ಪ್ರಕಟವಾದ ಮೇಲೆ ಅದನ್ನು ಪ್ರಶ್ನಿಸುವ ಜಾಗವೇ ಹಿಯರಿಂಗ್ ಎಗ್ಸಾಮಿನರ್ ಕಚೇರಿ. ಇದು ನ್ಯಾಯಾಲಯವಲ್ಲ, ಆದರೆ ನ್ಯಾಯಾಲಯದಂತೆಯೇ ನಡೆಯುತ್ತದೆ: ಪ್ರಮಾಣವಚನ, ಸಾಕ್ಷಿ, ಪಾಟೀಸವಾಲು ಎಲ್ಲವೂ ಇವೆ. ವಕೀಲರು ಬೇಕೇಬೇಕೆಂದೇನೂ ಇಲ್ಲ. ಸಾಮಾನ್ಯವಾಗಿ 14 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು, ಸಲ್ಲಿಸುವ ಶುಲ್ಕ ಬಹುಕಾಲದಿಂದ 85 ಡಾಲರ್. ಅಧಿಕಾರಿಯ ತೀರ್ಮಾನಕ್ಕೆ ಕಾನೂನು ಹೆಚ್ಚಿನ ತೂಕ ಕೊಡುವುದರಿಂದ, ಅದು ತಪ್ಪೆಂದು ಸಾಧಿಸುವ ಹೊಣೆ ಮೇಲ್ಮನವಿ ಹಾಕಿದವರದೇ. ಹಾಗಾಗಿ ಗೆಲ್ಲುವವರು ಕಡಿಮೆ. ಆದರೆ ಗೆಲ್ಲುವುದೊಂದೇ ಉದ್ದೇಶವಾಗಿರುವುದಿಲ್ಲ. ವಿಚಾರಣೆ ಮುಗಿಯುವ ತನಕ ಭೂಮಿಯ ಸಾಲದ ಬಡ್ಡಿ ಏರುತ್ತಿರುತ್ತದೆ, ಗುತ್ತಿಗೆದಾರರ ದರ ಬದಲಾಗುತ್ತದೆ, ಕೆಲವೊಮ್ಮೆ ಹಣ ಹೂಡುವವರೇ ಹಿಂದೆ ಸರಿಯುತ್ತಾರೆ. 85 ಡಾಲರಿನ ಕಾಗದಕ್ಕೆ ತಿಂಗಳುಗಟ್ಟಲೆ ಕಾಲವನ್ನು ಹಿಡಿದು ನಿಲ್ಲಿಸುವ ಬಲವಿದೆಯೆಂಬುದೇ ಸುಧಾರಣೆ ಬೇಕೆನ್ನುವವರ ಮುಖ್ಯ ದೂರು.

ಇದರ ಅತ್ಯುತ್ತಮ ಉದಾಹರಣೆ ಹಿತ್ತಲ ಮನೆಗಳ ಪ್ರಕರಣ. ಒಂಟಿ ಮನೆಯ ನಿವೇಶನದಲ್ಲಿ ನೆಲಮಾಳಿಗೆಯಲ್ಲೋ ಹಿತ್ತಲಲ್ಲೋ ಇನ್ನೊಂದು ಪುಟ್ಟ ಮನೆ ಕಟ್ಟಲು ನಿಯಮ ಸಡಿಲಿಸಬೇಕೆಂದು ನಗರ 2016ರಲ್ಲಿ ಹೊರಟಿತು. ಅದಕ್ಕೆ ಕೊಟ್ಟ ಡಿಎನ್‌ಎಸ್ ಅನ್ನು ಕ್ವೀನ್ ಆನ್ ಬಡಾವಣೆಯ ಸಮುದಾಯ ಮಂಡಳಿ ಪ್ರಶ್ನಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಎಗ್ಸಾಮಿನರ್ ಆ ಸಮುದಾಯ ಮಂಡಳಿಯ ಪರವಾಗಿ ತೀರ್ಪಿತ್ತು, ಇಐಎಸ್ ಬೇಕೇಬೇಕೆಂದು ಆದೇಶಿಸಿದರು. ವರದಿ ಸಿದ್ಧವಾಗಿ ಹೊರಬಂದದ್ದು 2018ರ ಅಕ್ಟೋಬರ್‌ನಲ್ಲಿ. ಆ ವರದಿಯೂ ಸಾಲದೆಂದು ಮತ್ತೆ ಮೇಲ್ಮನವಿ ಬಂತು. 2019ರ ಮೇ ತಿಂಗಳಲ್ಲಿ ಅದು ಬಿದ್ದುಹೋಯಿತು, ಜುಲೈನಲ್ಲಿ ಪರಿಷತ್ತು ಕಾನೂನು ಮಾಡಿತು. ಮೂರು ವರ್ಷ ಕಾದು ಹೊರಬಂದ ಕಾನೂನು ಮೊದಲಿಗಿಂತ ಮೆತ್ತಗಾಗಿರಲಿಲ್ಲ: ಒಂದು ನಿವೇಶನಕ್ಕೆ ಎರಡು ಹೆಚ್ಚುವರಿ ಮನೆಗಳು, ಕಾರಿಗೆ ಪ್ರತ್ಯೇಕ ಜಾಗ ಬೇಡ, ಮಾಲೀಕರು ಅಲ್ಲೇ ವಾಸವಿರಬೇಕಾಗಿಲ್ಲ. ಇಡೀ ನಗರದ ಇಪ್ಪತ್ತೇಳು ‘ಅರ್ಬನ್ ವಿಲೇಜ್’ಗಳಲ್ಲಿ, ಅಂದರೆ ಹೆಚ್ಚಿನ ಬೆಳವಣಿಗೆಗೆಂದು ನಗರ ಗುರುತಿಸಿದ ಬಡಾವಣೆಗಳಲ್ಲಿ, ಎತ್ತರ ಹೆಚ್ಚಿಸಿ ಪ್ರತಿಯಾಗಿ ಕೈಗೆಟುಕುವ ಮನೆಗಳನ್ನು ಕಡ್ಡಾಯ ಮಾಡಿದ ಎಮ್‌ಎಚ್‌ಎ ಯೋಜನೆಯೂ ಇದೇ ಬಗೆಯ ಮೇಲ್ಮನವಿಯಲ್ಲಿ ವರ್ಷದಷ್ಟು ಕಾಲ ನಿಂತು, 2019ರ ಮಾರ್ಚ್‌ನಲ್ಲಷ್ಟೇ ಪರಿಷತ್ತಿನ ಅಂಗೀಕಾರ ಪಡೆಯಿತು.

ವಿರೋಧಿಗಳೆಲ್ಲ ಸ್ವಾರ್ಥಿಗಳೆಂದು ತೀರ್ಪು ಕೊಡುವುದು ಸುಲಭ. ಅವರ ವಾದದಲ್ಲೂ ತೂಕವಿದೆ: ದೊಡ್ಡ ಮರ ಕಡಿದ ಮೇಲೆ ಮರಳಿ ಬೆಳೆಯಲು ಅರ್ಧ ಶತಮಾನ ಬೇಕು, ನಗರದ ಅಧಿಕಾರಿ ತನ್ನ ಕೆಲಸವನ್ನು ತಾನೇ ಸರಿಯೆಂದರೆ ಕೇಳುವವರು ಬೇಕು, ಸಾಮಾನ್ಯ ನಾಗರಿಕನಿಗೆ ಸಿಕ್ಕ ಹಿಡಿ ಇದೊಂದೇ. ಆದರೂ ನನ್ನ ಒಲವು ಇನ್ನೊಂದು ಕಡೆಗಿದೆ. ನಗರದ ಹೊರಗೆ ಕಾಡು ಕಡಿದು ಮನೆ ಕಟ್ಟುವುದಕ್ಕಿಂತ ಬಸ್ಸು, ರೈಲು ಇರುವಲ್ಲಿ ಐದು ಮಹಡಿ ಏರಿಸುವುದೇ ಪರಿಸರಕ್ಕೆ ಒಳ್ಳೆಯದಾಗಿರುವಾಗ, ಪರಿಸರದ ಹೆಸರಿನ ಕಾಯ್ದೆಯೇ ಎರಡನೆಯದನ್ನು ಕಷ್ಟ ಮಾಡುವುದು ವಿಚಿತ್ರವೆನಿಸುತ್ತದೆ. ವಿಚಾರಣೆಗೆ ಬರುವವರಲ್ಲಿ ಹೆಚ್ಚಿನವರು ಆ ಬೀದಿಯಲ್ಲಿ ಈಗಾಗಲೇ ಮನೆಯುಳ್ಳವರು. ಕಟ್ಟಲಿರುವ ಮನೆಗೆ ಬರಲಿರುವವರು, ಅವರಲ್ಲಿ ನಮ್ಮಂಥ ಹೊಸಬರೇ ಹೆಚ್ಚಿರಬಹುದು, ತಾವು ಅಲ್ಲಿಗೆ ಬರುತ್ತೇವೆಂದು ಇನ್ನೂ ಅರಿತಿರುವುದಿಲ್ಲ.

ರಾಜ್ಯ ಶಾಸನಸಭೆಯ ಒಲವೂ ಈಚೆಗೆ ಇದೇ ದಿಕ್ಕಿನಲ್ಲಿದೆ. 2022ರ ಕಾನೂನೊಂದು, ವಿನ್ಯಾಸ ಪರಿಶೀಲನೆಗೆ ಒಳಪಟ್ಟ ವಸತಿ ಕಟ್ಟಡವನ್ನು ಸೌಂದರ್ಯದ ಕಾರಣಕ್ಕೆ ಸೆಪಾ ಮೇಲ್ಮನವಿಯಲ್ಲಿ ಪ್ರಶ್ನಿಸುವಂತಿಲ್ಲ ಎಂದಿತು. ಒಂದೇ ದೂರನ್ನು ಎರಡು ಕಿಟಕಿಯಲ್ಲಿ ಕೊಡುವ ಅವಕಾಶ ಅಲ್ಲಿಗೆ ಮುಗಿಯಿತು. 2023ರಲ್ಲಿ ಸೆನೆಟ್ ಮಸೂದೆ 5412, ನಗರವು ತನ್ನ ಸಮಗ್ರ ಯೋಜನೆಗೆ, ಅಂದರೆ ಇಡೀ ಊರಿನ ಬೆಳವಣಿಗೆಯ ನೀಲನಕ್ಷೆಗೆ, ಪರಿಸರ ಅಧ್ಯಯನ ಮಾಡಿದ್ದರೆ ಅದಕ್ಕೆ ಹೊಂದುವ ವಸತಿ ಕಟ್ಟಡಗಳಿಗೆ ಸೆಪಾದಿಂದ ವಿನಾಯಿತಿ ಕೊಟ್ಟಿತು. ಅದೇ ವರ್ಷದ ಹೌಸ್ ಮಸೂದೆ 1293, ವಿನ್ಯಾಸದ ನಿಯಮಗಳು ಸ್ಪಷ್ಟವಾಗಿ ಅಳೆಯುವಂತಿರಬೇಕು, ಪರಿಶೀಲನೆಗೆ ಒಂದಕ್ಕಿಂತ ಹೆಚ್ಚು ಸಾರ್ವಜನಿಕ ಸಭೆ ಕೂಡದು ಎಂದು ನಗರಗಳನ್ನು ಕಟ್ಟಿಹಾಕಿತು. ‘ಭಾರವಾಗಿ ಕಾಣುತ್ತದೆ’ ಎಂಬ ಮಾತು ಅಳತೆಗೆ ಸಿಗದ ಕಾರಣ, ಇನ್ನು ಮುಂದೆ ಅದಕ್ಕೆ ಹಿಂದಿನ ಬೆಲೆ ಇರಲಾರದು.

ಇದರ ಪರಿಣಾಮವಾಗಿ, ಮಾತು ಕೇಳಿಸುವ ಜಾಗ ಒಂದು ಹಂತ ಮೇಲಕ್ಕೆ ಸರಿದಿದೆ. ಬೀದಿಯ ಒಂದು ಕಟ್ಟಡದ ಮೇಲಿನ ಹಿಡಿತ ಸಡಿಲವಾದಷ್ಟೂ, ಆ ಬೀದಿಗೆ ಯಾವ ಎತ್ತರವೆಂದು ಗೊತ್ತುಮಾಡುವ ಸಮಗ್ರ ಯೋಜನೆ ಮತ್ತು ಝೋನಿಂಗ್ ತಿದ್ದುಪಡಿಗಳ ಸಭೆಗಳೇ ಮುಖ್ಯವಾಗುತ್ತವೆ. ಅಲ್ಲಿ ಪಾರ್ಕಿಂಗ್, ಬಾಡಿಗೆ, ಶಾಲೆ, ಮರ ಯಾವುದನ್ನೂ ವೇಷವಿಲ್ಲದೆ ಹೇಳಬಹುದು. ಪರಿಷತ್ತಿನ ಮುಂದೆ ಮಾತನಾಡಲು ಪೌರತ್ವವನ್ನು ಯಾರೂ ಕೇಳುವುದಿಲ್ಲ. ಹತ್ತಿರದ ಬೆಲ್ವ್ಯೂ, ರೆಡ್ಮಂಡ್ ನಗರಗಳಲ್ಲಿ ವಾಸವಿರುವವರು ತಮ್ಮ ನಗರದ ಕ್ರಮ ಬೇರೆಯಿರುವುದನ್ನು ಗಮನಿಸಬೇಕು: ರಾಜ್ಯದ ಕಾನೂನು ಎಲ್ಲರಿಗೂ ಒಂದೇ, ಆದರೆ ಅದರಡಿಯ ಮಂಡಳಿ, ಗಡುವು, ಶುಲ್ಕಗಳು ಆಯಾ ನಗರದವು.

ಒಂದು ನಿರ್ದಿಷ್ಟ ಕಟ್ಟಡದ ಬಗ್ಗೆಯೇ, ಪರವಾಗಿಯಾದರೂ ಸರಿ, ಬರೆಯಬೇಕೆಂದಿದ್ದರೆ ಫಲಕದ ಮೇಲಿನ ಯೋಜನೆಯ ಸಂಖ್ಯೆಯನ್ನು ಮೊದಲ ಸಾಲಿನಲ್ಲಿ ಹಾಕಿ, ದಿನಾಂಕ ಮೀರುವ ಮುನ್ನ ಕಳುಹಿಸಬೇಕು. ಸಿಯಾಟಲ್‌ನಲ್ಲಿ ಅಭಿಪ್ರಾಯಕ್ಕೆ ಸಾಮಾನ್ಯವಾಗಿ 14 ದಿನ. ಲಿಖಿತವಾಗಿ ಕೇಳಿದರೆ ಇನ್ನೂ 14 ದಿನ ಸಿಗುತ್ತದೆ. ಪರವಾದ ಪತ್ರಗಳು ಬಹಳ ಕಡಿಮೆ ಬರುವುದರಿಂದ ಅಂಥ ಒಂದು ಪತ್ರ ಕಡತದಲ್ಲಿ ಎದ್ದು ಕಾಣುತ್ತದೆ. ವಿರೋಧವಾಗಿದ್ದರೆ ಯಾವ ನಿಯಮ ಎಲ್ಲಿ ಪಾಲನೆಯಾಗಿಲ್ಲವೆಂದು ಬೊಟ್ಟು ಮಾಡಿ ತೋರಿಸುವ ನಾಲ್ಕು ಸಾಲು, ಬೀದಿಯ ಹಳೆಯ ಸೊಬಗನ್ನು ನೆನೆಯುವ ನಾಲ್ಕು ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಪತ್ರದಲ್ಲಿ ವಿಳಾಸ ಕೊಟ್ಟು, ತೀರ್ಮಾನವಾದಾಗ ತಿಳಿಸಬೇಕೆಂದು ಕೇಳಿಕೊಳ್ಳಿ. ಮೇಲ್ಮನವಿಯ ಗಡುವು ಓಡತೊಡಗುವುದು ಆ ತೀರ್ಮಾನ ಪ್ರಕಟವಾದ ದಿನದಿಂದ, ಬಿಳಿ ಫಲಕ ಎದ್ದ ದಿನದಿಂದಲ್ಲ.